ಗುಂಪು ಕಟ್ಟಿದ ನಾಯಿ

ನಾಯಿ ಕಚ್ಚಿದ ಪ್ರಕರಣಗಳಲ್ಲಿ ವಿಚಾರಣೆ ಸಾಮಾನ್ಯವಾಗಿ ಕಚ್ಚಿದ ನಾಯಿ ಯಾವುದು, ಅದರ ತಳಿ ಯಾವುದು, ಅದು ಹಿಂದೆ ಯಾರನ್ನಾದರೂ ಕಚ್ಚಿತ್ತೇ ಎಂಬ ಪ್ರಶ್ನೆಗಳ ಸುತ್ತ ನಡೆಯುತ್ತದೆ. ಒಂದೇ ನಾಯಿ ಎರಗಿದ ಸಂದರ್ಭಕ್ಕೆ ಈ ಪ್ರಶ್ನೆಗಳು ಸಾಕು. ಆದರೆ ನಾಲ್ಕೈದು ನಾಯಿಗಳು ಕೂಡಿ ಒಂದು ಪ್ರಾಣಿಯ ಅಥವಾ ಮನುಷ್ಯನ ಮೈಮೇಲೆ ಬಿದ್ದಾಗ ಇವುಗಳಿಂದ ಅರ್ಧ ಉತ್ತರವೂ ಸಿಗುವುದಿಲ್ಲ. ಅಂಥ ಗುಂಪಿನಲ್ಲಿ ಹಿಂದೆಂದೂ ಹಲ್ಲು ತೋರಿಸದ, ಒಂಟಿಯಾಗಿ ಸಿಕ್ಕಾಗ ಬಾಲ ಮುದುರಿಕೊಂಡು ಪಕ್ಕಕ್ಕೆ ಸರಿಯುವ ನಾಯಿಯೂ ಇರುತ್ತದೆ, ಅದೂ ಕಚ್ಚಿರುತ್ತದೆ. ಗುಂಪಿನ ಆಕ್ರಮಣಶೀಲತೆ ಎಂಬುದು ಸದಸ್ಯರ ಆಕ್ರಮಣಶೀಲತೆಗಳನ್ನು ಕೂಡಿಸಿದಾಗ ಬರುವ ಮೊತ್ತವಲ್ಲ. ಗುಂಪು ಪ್ರತಿಯೊಂದು ನಾಯಿಯ ಪ್ರೇರಣೆಯನ್ನೇ ಬದಲಿಸುತ್ತದೆ ಎಂಬುದನ್ನು ಪ್ರಾಣಿವರ್ತನೆಯ ಅಧ್ಯಯನಗಳು ಹಲವು ದಿಕ್ಕುಗಳಿಂದ ತೋರಿಸಿವೆ.

ಈ ಬದಲಾವಣೆಯನ್ನು ತಿಳಿಯಬೇಕಾದರೆ ಮೊದಲು ಆಕ್ರಮಣದ ಎರಡು ಬಗೆಗಳನ್ನು ಬೇರ್ಪಡಿಸಿಕೊಳ್ಳಬೇಕು. ಒಂದು, ಭಯ, ಸಿಟ್ಟು, ನೆಲೆಯ ಅಥವಾ ಮರಿಗಳ ರಕ್ಷಣೆ ಇವುಗಳಿಂದ ಹುಟ್ಟುವ ಆವೇಶದ ಆಕ್ರಮಣ: ಇದರಲ್ಲಿ ಬೆನ್ನಿನ ರೋಮ ನಿಮಿರುತ್ತದೆ, ತುಟಿ ಮೇಲೇರಿ ಕೋರೆಹಲ್ಲು ಕಾಣುತ್ತದೆ, ಗುರುಗುಟ್ಟುವ ಸದ್ದು ಮುಂಚಿತವಾಗಿಯೇ ಎಚ್ಚರಿಕೆ ಕೊಡುತ್ತದೆ, ಎದುರಾಳಿ ಹಿಂದೆ ಸರಿದರೆ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಇನ್ನೊಂದು ಬೇಟೆಯ ಆಕ್ರಮಣ: ಇದರಲ್ಲಿ ಸಿಟ್ಟೂ ಇಲ್ಲ, ಸದ್ದೂ ಇಲ್ಲ; ನೋಟ ನೆಟ್ಟಿರುತ್ತದೆ, ಬೆನ್ನಟ್ಟಿ ಹಿಡಿಯುವುದು, ಕಚ್ಚಿ ಒದರುವುದು ಒಂದರ ಹಿಂದೊಂದು ನಡೆದುಹೋಗುತ್ತವೆ. 1962ರಲ್ಲಿ ವಾಸ್ಮನ್ ಮತ್ತು ಫ್ಲಿನ್ ಎಂಬ ಸಂಶೋಧಕರು ಬೆಕ್ಕುಗಳ ಮಿದುಳಿನ ತಳಭಾಗದಲ್ಲಿರುವ ಹೈಪೊಥಲಾಮಸ್‌ಗೆ ಸಣ್ಣ ಪ್ರಮಾಣದ ವಿದ್ಯುತ್ತನ್ನು ಹರಿಸಿ, ಅದರ ಒಂದು ತಾಣದಿಂದ ಬುಸುಗುಟ್ಟಿ ಪರಚುವ ರೋಷವೂ ಇನ್ನೊಂದು ತಾಣದಿಂದ ಇಲಿಯನ್ನು ಸದ್ದಿಲ್ಲದೆ ಹಿಡಿದು ಕಚ್ಚುವ ವರ್ತನೆಯೂ ಹೊರಡುವುದನ್ನು ತೋರಿಸಿದರು. ಸಸ್ತನಿಗಳಲ್ಲಿ ಈ ಎರಡಕ್ಕೂ ಬೇರೆ ಬೇರೆ ನರಮಾರ್ಗಗಳಿವೆ ಎಂಬ ತಿಳಿವಳಿಕೆಯ ಬುನಾದಿ ಅಂಥ ಪ್ರಯೋಗಗಳು. ನಾಯಿಗಳ ಗುಂಪಿನ ಅಪಾಯ ಹೆಚ್ಚಾಗಿ ಇರುವುದು ಮೊದಲ ಬಗೆಯ ಆಕ್ರಮಣವಾಗಿ ಆರಂಭವಾದದ್ದು, ಅಥವಾ ಬರಿಯ ಆಟವಾಗಿ ಆರಂಭವಾದದ್ದು, ನೋಡನೋಡುತ್ತಲೇ ಎರಡನೆಯದಕ್ಕೆ ಜಾರುವಲ್ಲಿ.

ಹಾಗೆ ಜಾರಿಸುವ ಶಕ್ತಿಗಳಲ್ಲಿ ಮುಖ್ಯವಾದದ್ದು ಅನುಕರಣೆ. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಐದು ತಳಿಗಳ ನಾಯಿಗಳನ್ನು ವರ್ಷಗಳ ಕಾಲ ಸಾಕಿ ಅಧ್ಯಯನ ಮಾಡಿದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲರ್ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಒಂದು ನಾಯಿ ಮಾಡಿದ್ದನ್ನು ಜೊತೆಯ ನಾಯಿಗಳೂ ಅದೇ ಹೊತ್ತಿನಲ್ಲಿ ಮಾಡತೊಡಗುವ ಗುಣವನ್ನು ಈ ಜಾತಿಯ ಮೂಲಭೂತ ಸಾಮಾಜಿಕ ವರ್ತನೆಗಳಲ್ಲಿ ಒಂದೆಂದು ಎಣಿಸಿದರು. ಒಂದು ಓಡಿದರೆ ಎಲ್ಲವೂ ಓಡುತ್ತವೆ, ಒಂದು ಬೊಗಳಿದರೆ ಬೀದಿಯೇ ಬೊಗಳುತ್ತದೆ. ಏತಕ್ಕೆ ಎಂದು ಹಿಂದಿನ ನಾಯಿಗೆ ತಿಳಿದಿರಬೇಕಾಗಿಲ್ಲ. ಅವರು ಸಾಕಿದ ಫಾಕ್ಸ್ ಟೆರಿಯರ್ ತಳಿಯ ಮರಿಗಳು ಇನ್ನೂ ಎಳೆಯ ವಯಸ್ಸಿನಲ್ಲೇ ತಮ್ಮೊಡಹುಟ್ಟಿದ ಒಂದು ಮರಿಯ ಮೇಲೆ ಒಟ್ಟಾಗಿ ಬೀಳುತ್ತಿದ್ದುದರಿಂದ ಪೆಟ್ಟು ತಿನ್ನುವ ಮರಿಯನ್ನು ಬೇರೆ ಇಡಬೇಕಾಗುತ್ತಿತ್ತು. ಅಲ್ಲಿ ಹಸಿವಿನ ಪ್ರಶ್ನೆಯಿರಲಿಲ್ಲ, ಹೊರಗಿನ ಶತ್ರುವೂ ಇರಲಿಲ್ಲ. ಬಿದ್ದವನ ಮೇಲೆ ಎಲ್ಲರ ಕಲ್ಲು ಎನ್ನುವುದನ್ನು ಮನುಷ್ಯರ ಗುಣವೆಂದಷ್ಟೇ ತಿಳಿದವರು ಈ ಮರಿಗಳ ವೃತ್ತಾಂತವನ್ನು ಗಮನಿಸಬೇಕು.

ಎರಡನೆಯ ಶಕ್ತಿ ಸಂಖ್ಯೆ. ಇಟಲಿಯ ರೊಬೆರ್ತೊ ಬೊನಾನ್ನಿ ಮತ್ತು ಸಂಗಡಿಗರು ರೋಮ್ ನಗರದ ಹೊರವಲಯದಲ್ಲಿ ಸ್ವತಂತ್ರವಾಗಿ ತಿರುಗುವ ನಾಯಿಗಳ ಗುಂಪುಗಳು ಒಂದಕ್ಕೊಂದು ಎದುರಾದಾಗ ಏನಾಗುತ್ತದೆ ಎಂಬುದನ್ನು ದೀರ್ಘಕಾಲ ದಾಖಲಿಸಿ, 2010 ಮತ್ತು 2011ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ತಮ್ಮ ಕಡೆಯವು ಹೆಚ್ಚಿದ್ದು ಎದುರು ಕಡೆಯವು ಕಡಿಮೆಯಿದ್ದಾಗ ಮುನ್ನುಗ್ಗುವ ಸಂಭವ ಏರುತ್ತಿತ್ತು, ಲೆಕ್ಕ ತಿರುಗಿದಾಗ ಅರ್ಧಕ್ಕಿಂತ ಹೆಚ್ಚು ನಾಯಿಗಳು ಹಿಮ್ಮೆಟ್ಟುವ ಸಂಭವ ಏರುತ್ತಿತ್ತು. ಎಂದರೆ ನಾಯಿಗಳು ಎರಡೂ ಕಡೆಯ ಬಲವನ್ನು ತಮ್ಮದೇ ರೀತಿಯಲ್ಲಿ ಅಳೆಯುತ್ತವೆ. ಇದಕ್ಕಿಂತ ಕುತೂಹಲದ ಸಂಗತಿಯೆಂದರೆ ಗುಂಪು ದೊಡ್ಡದಾದಷ್ಟೂ ಅದರೊಳಗೆ ನಿಜವಾಗಿ ಸೆಣಸುವ ನಾಯಿಗಳ ಪಾಲು ಇಳಿಯುತ್ತಿತ್ತು, ಮತ್ತು ಗುಂಪಿನೊಳಗೆ ಹೆಚ್ಚು ಸ್ನೇಹಸಂಬಂಧ ಉಳ್ಳ ನಾಯಿಗಳೇ ಸಹಕರಿಸಲು ಮುಂದಾಗುತ್ತಿದ್ದವು. ಹೀಗಾಗಿ ಗುಂಪಿನಲ್ಲಿ ಕೆಲವು ಮುಂದಾಳುಗಳೂ, ಗದ್ದಲಕ್ಕೆ ದನಿಗೂಡಿಸುವ ಹಿಂಬಾಲಕ ನಾಯಿಗಳೂ ಇರುತ್ತವೆ. ಎದುರಾಳಿಯೂ ನಾಯಿಗಳ ಗುಂಪೇ ಆದಾಗ ಈ ಕಾಳಗಗಳು ಬಹುಮಟ್ಟಿಗೆ ಬೊಗಳಾಟದಲ್ಲೇ ತೀರುತ್ತವೆ, ಏಕೆಂದರೆ ಎರಡೂ ಕಡೆಗೆ ಗಾಯದ ಭಯವಿದೆ. ಎದುರಿಗಿರುವುದು ಒಂದು ಕುರಿಯೋ, ಒಂದು ಪುಟ್ಟ ನಾಯಿಯೋ, ಒಂದು ಮಗುವೋ ಆದಾಗ ಆ ಕಡಿವಾಣ ಇರುವುದಿಲ್ಲ.

ಜಾರುವಿಕೆ ನಡೆಯುವ ಬಗೆಯನ್ನು ಹತ್ತಿರದಿಂದ ನೋಡುವುದಾದರೆ, ಹಲವು ದೊಡ್ಡ ನಾಯಿಗಳ ನಡುವೆ ಒಂದು ಪೊಮೆರೇನಿಯನ್ ಆಡುತ್ತಿರುವ ಮೈದಾನವನ್ನು ಊಹಿಸಿಕೊಳ್ಳಬಹುದು. ಆಟವಾಗಿರುವ ತನಕ ಅಟ್ಟುವವು ಮತ್ತು ಓಡುವವು ಪಾತ್ರ ಬದಲಿಸುತ್ತಿರುತ್ತವೆ, ಮುಂಗಾಲು ಚಾಚಿ ಹಿಂಭಾಗ ಎತ್ತುವ ಆಹ್ವಾನದ ಭಂಗಿ ನಡುನಡುವೆ ಕಾಣುತ್ತದೆ, ಕಚ್ಚುವಂತೆ ಮಾಡಿ ಬಿಟ್ಟುಬಿಡುತ್ತವೆ. ಯಾವುದೋ ತಿರುವಿನಲ್ಲಿ ದೊಡ್ಡದೊಂದು ನಾಯಿ ತುಳಿದಾಗ ಪುಟ್ಟದು ಕೀರಲು ದನಿಯಲ್ಲಿ ಚೀರಿ, ಕಾಲು ಎಳೆಯುತ್ತ ಓಡತೊಡಗುತ್ತದೆ. ಚೀರು, ತಡವರಿಸುವ ಓಟ, ಸಣ್ಣ ಗಾತ್ರ ಇವು ಮೂರೂ ಗಾಯಗೊಂಡ ಬೇಟೆಯ ಲಕ್ಷಣಗಳು. ದೊಡ್ಡ ನಾಯಿಗಳ ಬೊಗಳು ಥಟ್ಟನೆ ನಿಲ್ಲುತ್ತದೆ, ಪಾತ್ರ ಬದಲಾವಣೆ ನಿಲ್ಲುತ್ತದೆ, ಎಲ್ಲದರ ಕಣ್ಣೂ ಒಂದೇ ಕಡೆ ತಿರುಗುತ್ತದೆ. ಮೊದಲ ನಾಯಿ ಹಿಡಿದು ಒದರುತ್ತಿರುವಾಗ ಎರಡನೆಯದು ಇನ್ನೊಂದು ತುದಿಯನ್ನು ಹಿಡಿದು ಎಳೆಯುವುದರಿಂದ ಚರ್ಮ ಮಾಂಸದಿಂದ ಬೇರ್ಪಡುತ್ತದೆ, ಹೊರಗೆ ಹಲ್ಲಿನ ತೂತುಗಳಷ್ಟೇ ಕಂಡರೂ ಒಳಗೆ ಸ್ನಾಯು ಹರಿದು ಪಕ್ಕೆಲುಬು ಮುರಿದಿರಬಹುದು.

ಮನುಷ್ಯರ ಮೇಲೆ ಬೇಟೆಯ ಸ್ವರೂಪದ ಗುಂಪುದಾಳಿ ಅಪರೂಪ. ಆದರೆ ನಡೆದಾಗ ಅದರ ಚಹರೆ ಮತ್ತೆ ಮತ್ತೆ ಒಂದೇ ಆಗಿರುತ್ತದೆ. ಬೋರ್ಶೆಲ್ಟ್, ಲಾಕ್‌ವುಡ್, ಬೆಕ್ ಮತ್ತು ವಾಯ್ತ್ ಎಂಬ ತಜ್ಞರು 1983ರಲ್ಲಿ ಅಮೆರಿಕದ ಇಂಥ ಮೂರು ಪ್ರಕರಣಗಳನ್ನು ಪರಿಶೀಲಿಸಿ, ನಾಯಿಗಳ ಹಸಿವು, ಬೇಟೆಯಾಡಿದ ಹಿಂದಿನ ಅನುಭವ, ಗುಂಪಾಗಿ ತಿರುಗುವ ರೂಢಿ, ಬಲಿಯಾದವರ ವಯಸ್ಸು ಮತ್ತು ಗಾತ್ರ, ಹತ್ತಿರದಲ್ಲಿ ಬೇರೆ ಜನರಿಲ್ಲದಿರುವುದು ಮುಂತಾದ ಅಂಶಗಳನ್ನು ಚರ್ಚಿಸಿದರು. ಇವುಗಳಲ್ಲಿ ಹಸಿವಿಗೆ ಜನ ಕೊಡುವಷ್ಟು ಮಹತ್ವವನ್ನು ಕೊಡುವುದು ಸರಿಯಲ್ಲ. ಹೊಟ್ಟೆ ತುಂಬಿದ ಸಾಕುನಾಯಿಗಳೂ ರಾತ್ರಿ ಕುರಿಹಟ್ಟಿಗೆ ನುಗ್ಗಿ ಹತ್ತಾರು ಕುರಿಗಳನ್ನು ಕೊಂದು, ಒಂದನ್ನೂ ತಿನ್ನದೆ ಮನೆಗೆ ಮರಳುವುದುಂಟು. ತಿನ್ನುವುದಕ್ಕಿಂತ ಹೆಚ್ಚಾಗಿ ಕೊಲ್ಲುವ ಈ ವರ್ತನೆಯನ್ನು ಹಾನ್ಸ್ ಕ್ರೂಕ್ ಎಂಬ ವಿಜ್ಞಾನಿ 1972ರಲ್ಲಿ ಹಲವು ಮಾಂಸಾಹಾರಿಗಳಲ್ಲಿ ಗುರುತಿಸಿ ವಿವರಿಸಿದರು: ಬೇಟೆ ತಪ್ಪಿಸಿಕೊಳ್ಳಲಾರದೆ ಎದುರಿಗೇ ಇರುವಷ್ಟು ಹೊತ್ತೂ ಕೊಲ್ಲುವ ಪ್ರೇರಣೆ ಮರುಕಳಿಸುತ್ತಿರುತ್ತದೆ, ಹಸಿವು ತಣಿದುದರಿಂದ ಅದು ತಣಿಯುವುದಿಲ್ಲ.

ಗುಂಪಿಗೊಬ್ಬ ನಾಯಕ, ಅವನನ್ನು ಮನುಷ್ಯ ಬಗ್ಗಿಸಿದರೆ ಉಳಿದವು ತಾವಾಗಿ ಬಗ್ಗುತ್ತವೆ ಎಂಬ ನಂಬಿಕೆ ನಾಯಿ ಸಾಕುವವರಲ್ಲಿ ಇನ್ನೂ ಬಲವಾಗಿದೆ. ಅದರ ಬೇರು ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ, ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಅಧ್ಯಯನದಲ್ಲಿದೆ. ಕಾಡಿನ ತೋಳಗಳ ಹಿಂಡು ಬಹುಪಾಲು ತಂದೆತಾಯಿ ಮತ್ತು ಮಕ್ಕಳಿರುವ ಕುಟುಂಬವೆಂದು, ಆ ನಾಯಕನ ಕಲ್ಪನೆಯನ್ನು 1970ರಲ್ಲಿ ಪ್ರಚುರಪಡಿಸಿದ್ದ ಡೇವಿಡ್ ಮೆಕ್ ಅವರೇ 1999ರಲ್ಲಿ ಬರೆದರು. ಒಂದೇ ಮನೆಯಲ್ಲಿ ಸೇರಿದ ಮೂರು ಸಾಕುನಾಯಿಗಳು ಕುಟುಂಬವಲ್ಲ. ಅವು ಪರಸ್ಪರ ಆಯ್ದುಕೊಂಡವೂ ಅಲ್ಲ, ಬಿಟ್ಟು ಹೋಗಲು ಅವಕಾಶವಿರುವವೂ ಅಲ್ಲ. ರೂಬೆಲ್, ಡಾಡ್ಮನ್ ಮುಂತಾದವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಮನೆಯ ನಾಯಿಗಳ ಜಗಳದ 38 ಪ್ರಕರಣಗಳ ಪೈಕಿ 30ರಲ್ಲಿ ಕಾದಾಡಿದವು ಒಂದೇ ಲಿಂಗದವಾಗಿದ್ದವು. ಕಿಡಿ ಹೊತ್ತಿಸಿದವು ಯಜಮಾನರ ಗಮನ, ಊಟ, ಯಾರೋ ಬಂದ ಸಡಗರ ಇಂಥವು. ಸಡಗರದ ವಿಷಯವನ್ನು ಮನೆಮಂದಿ ಮರೆಯುವುದು ಸಹಜ. ಗೇಟಿನಾಚೆ ಹೋಗುವವರನ್ನು ಕಂಡು ಕೆರಳಿದ ನಾಯಿಗೆ ಅವರು ಕೈಗೆಟುಕದಿದ್ದಾಗ ಅದು ಪಕ್ಕದ ನಾಯಿಯನ್ನೇ ಕಚ್ಚುವುದುಂಟು. ಇದನ್ನು ದಿಕ್ಕು ಬದಲಿಸಿದ ಆಕ್ರಮಣ ಎನ್ನುತ್ತಾರೆ. ಆಗ ಮೂರನೆಯ ನಾಯಿ ಬಿಡಿಸಲು ಬರುವ ಬದಲು ಸೋಲುತ್ತಿರುವುದರ ಮೇಲೆ ಬೀಳುವುದುಂಟು.

ಭಾರತದ ಬೀದಿಗಳಲ್ಲಿ ಚಿತ್ರ ತುಸು ಬೇರೆ. ಕೋಲ್ಕತ್ತದ ಐಸರ್ ವಿಜ್ಞಾನ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ ಬೀದಿನಾಯಿಗಳು ಹೆಚ್ಚಿನ ಹೊತ್ತನ್ನು ಸೋಮಾರಿಯಾಗಿ ಕಳೆಯುತ್ತವೆ, ಆಹಾರವನ್ನು ಬಹುಪಾಲು ಒಂಟಿಯಾಗಿಯೇ ಹುಡುಕುತ್ತವೆ. ಗುಂಪು ಅವುಗಳ ಕಾಯಂ ಸ್ಥಿತಿಯಲ್ಲ; ಬೆದೆಗೆ ಬಂದ ಹೆಣ್ಣಿನ ಸುತ್ತ, ಮರಿ ಹಾಕಿದ ತಾವಿನಲ್ಲಿ, ಕೋಳಿ ಮತ್ತು ಮಾಂಸದ ಅಂಗಡಿಗಳ ತ್ಯಾಜ್ಯ ಒಂದೇ ಕಡೆ ಬೀಳುವ ಜಾಗದಲ್ಲಿ ಅದು ಬಿಗಿಯಾಗುತ್ತದೆ. 2007ರ ಆರಂಭದಲ್ಲಿ ಬೆಂಗಳೂರಿನಲ್ಲಿ ಬೀದಿನಾಯಿಗಳಿಗೆ ಇಬ್ಬರು ಮಕ್ಕಳು ಬಲಿಯಾದಾಗ ಕೈಗೊಂಡ ಮೊದಲ ಕ್ರಮವೆಂದರೆ ಸಿಕ್ಕ ನಾಯಿಗಳನ್ನು ಹಿಡಿದು ಸಾಗಿಸುವುದೇ ಆಗಿತ್ತು. ಹಾಗೆ ತೆರವಾದ ಜಾಗದಲ್ಲಿ ಆಹಾರ ಹಾಗೆಯೇ ಉಳಿದರೆ ಅಕ್ಕಪಕ್ಕದ ನಾಯಿಗಳು ಬಂದು ಸೇರುತ್ತವೆ, ಗಡಿ ಹೊಸದಾಗಿ ನಿರ್ಧಾರವಾಗುವ ತನಕ ಕಾದಾಟ ಹೆಚ್ಚುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಬೆದೆಯ ಗುಂಪನ್ನೂ ಮರಿ ಕಾಯುವ ತಾಯಿಯ ಉಗ್ರತೆಯನ್ನೂ ತಗ್ಗಿಸಬಲ್ಲದು, ತ್ಯಾಜ್ಯದ ಸುತ್ತ ಸೇರುವ ಗುಂಪನ್ನು ಮಾತ್ರ ಅದು ಮುಟ್ಟುವುದಿಲ್ಲ.

ಕೇಂದ್ರ ಸರ್ಕಾರದ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗಳಿಗೆ ಊಟ ಹಾಕುವ ತಾಣವನ್ನು ಅಲ್ಲಿನ ನಾಯಿಗಳ ಸಂಖ್ಯೆಯನ್ನೂ ಅವುಗಳ ನೆಲೆಯ ಗಡಿಗಳನ್ನೂ ನೋಡಿ, ಮಕ್ಕಳು ಆಡುವ ಜಾಗ, ಮೆಟ್ಟಿಲು ಮತ್ತು ಪ್ರವೇಶದ್ವಾರಗಳಿಂದ ದೂರದಲ್ಲಿ ಗುರುತಿಸಬೇಕೆನ್ನುತ್ತವೆ. ಸಂಖ್ಯೆ ಮತ್ತು ಗಡಿ ಎಂಬ ಈ ಎರಡು ಮಾತುಗಳು ರೋಮ್‌ನ ಅಧ್ಯಯನ ಹೇಳುವುದಕ್ಕೆ ಬಹಳ ಹತ್ತಿರದಲ್ಲಿವೆ. ಆದರೆ ಬಡಾವಣೆಗಳಲ್ಲಿ ನಡೆಯುವ ಜಗಳವೆಲ್ಲ ಊಟ ಹಾಕಬೇಕೇ ಬೇಡವೇ ಎಂಬುದರ ಬಗ್ಗೆಯೇ ಹೊರತು, ಒಂದೇ ತಾಣದಲ್ಲಿ ಎಷ್ಟು ನಾಯಿಗಳು, ಯಾವ ಯಾವ ಬೀದಿಯವು, ಒಟ್ಟಿಗೆ ಸೇರುತ್ತಿವೆ ಎಂಬುದನ್ನು ಎಣಿಸುವವರು ಕಡಿಮೆ.