ಕಿವಿ ಹಿಡಿಯದ ತಪ್ಪು: ಕಾಸರಗೋಡಿನ ತರಗತಿಯಲ್ಲಿ ಸ್ವಯಂ ಪರಿಷ್ಕರಣೆ

ಬರೆದುದನ್ನು ಗಟ್ಟಿಯಾಗಿ ಓದಿ ತಿದ್ದಿಕೊಳ್ಳಬೇಕೆಂಬುದು ಅಧ್ಯಾಪಕರು ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ನೀಡುವ ಸಲಹೆ. ಕಾಸರಗೋಡಿನಂತಹ ದ್ವಿಭಾಷಿಕ ಪರಿಸರದಲ್ಲಿ ಅದು ಅರ್ಧದಷ್ಟೇ ಫಲಕಾರಿ. ಉದ್ದನೆಯ ವಾಕ್ಯದಲ್ಲಿ ಕರ್ತೃ ಬಹುವಚನದಲ್ಲಿದ್ದು ಕ್ರಿಯಾಪದ ಏಕವಚನಕ್ಕೆ ಜಾರಿದ್ದರೆ ಕಿವಿ ಅದನ್ನು ಹಿಡಿಯುತ್ತದೆ. ‘ಅವಕಾಶ’ದಂತಹ ಪದವನ್ನು ಹಿಡಿಯಲಾರದು.

ಮಲಯಾಳದಲ್ಲಿ ಈ ಪದಕ್ಕೆ ಹಕ್ಕು ಎಂಬ ಅರ್ಥ. ‘ಸಂಸಾರ’ವೆಂದರೆ ಅಲ್ಲಿ ಮಾತು. ಮಲಯಾಳ ಪತ್ರಿಕೆಗಳನ್ನು ಓದಿ ಬೆಳೆದ ವಿದ್ಯಾರ್ಥಿಯು, ಸಂವಿಧಾನದ 30ನೆಯ ವಿಧಿಯು ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸುವ ‘ಅವಕಾಶ’ವನ್ನು ನೀಡುತ್ತದೆ ಎಂದು ಬರೆದರೆ, ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ, ಹಕ್ಕು ಅನುಗ್ರಹವಾಗಿಬಿಟ್ಟಿರುತ್ತದೆ, ಅಷ್ಟೆ. ಇಂತಹ ಕಡೆ ಅದೇ ವಾಕ್ಯವನ್ನು ಆ ಪದವಿಲ್ಲದೆ ಇನ್ನೊಮ್ಮೆ ಬರೆಯುವ ಅಭ್ಯಾಸ ಬೇಕು. ಅರ್ಥ ಎಲ್ಲಿ ಸರಿದಿದೆಯೆಂಬುದು ಆಗ ಗೋಚರಿಸುತ್ತದೆ.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ‘ಊರಲ್ಲಿ ಶಾಲೆ ಉಂಟು’ ಎಂಬಲ್ಲಿನ ‘ಉಂಟು’, ಮಲಯಾಳದ ರೂಪವನ್ನು ಹೋಲುವ ಕಾರಣಕ್ಕೇ ಕೆಂಪು ಶಾಯಿಗೆ ಗುರಿಯಾಗಬಹುದು. ಅದು ಕರಾವಳಿ ಕನ್ನಡದ ನಿತ್ಯದ ಮಾತು. ಹಳಗನ್ನಡದಲ್ಲಿಯೂ ಇರುವ ರೂಪ.

ಆದುದರಿಂದ ಅಧ್ಯಾಪಕರು ತಾವೇ ತಿದ್ದಿಕೊಡುವುದಕ್ಕಿಂತ, ಸಂದೇಹದ ಸಾಲಿನ ಅಂಚಿನಲ್ಲಿ ಚುಕ್ಕೆಯಿಟ್ಟು ಹಿಂದಿರುಗಿಸುವುದು ಮೇಲು. ಬದಲಿಸಿದರೆ ಏಕೆ, ಉಳಿಸಿಕೊಂಡರೆ ಏಕೆ ಎಂಬುದನ್ನು ವಿದ್ಯಾರ್ಥಿ ಪಕ್ಕದಲ್ಲಿ ಬರೆಯಬೇಕು. ಇದು ಸಮಯ ಬೇಡುವ ಕೆಲಸ. ಒಂದು ಪುಟವನ್ನು ಮೀರಿದ ಬರಹಕ್ಕೆ ಒಗ್ಗುವುದು ಕಷ್ಟ. ‘ಉಂಟು’ವಿನ ಪಕ್ಕದಲ್ಲಿ ‘ಇದು ನಮ್ಮ ಕಡೆಯ ಕನ್ನಡ’ ಎಂಬ ಟಿಪ್ಪಣಿ ಬಂದಾಗ ಅದನ್ನು ಒಪ್ಪುವ ಸಿದ್ಧತೆ ಅಧ್ಯಾಪಕರಲ್ಲಿಯೂ ಇರಬೇಕಾಗುತ್ತದೆ.