ಉದ್ಯಾನಕ್ಕೆಂದು ಮೀಸಲಾದ ನೆಲ

ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆಂದು ಮೀಸಲಾಗಿದ್ದ ನಿವೇಶನವೊಂದನ್ನು 1976ರಲ್ಲಿ ಸರ್ಕಾರದ ಆದೇಶದ ಮೇರೆಗೆ ಖಾಸಗಿ ಆಸ್ಪತ್ರೆಗೆ ಹಂಚಿಕೆ ಮಾಡಿದಾಗ, ಆಸ್ಪತ್ರೆಯೂ ಜನೋಪಯೋಗಿಯೇ ಅಲ್ಲವೆ, ಅದಕ್ಕೇಕೆ ಆಕ್ಷೇಪಣೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ನೆರೆಯ ನಿವಾಸಿಗಳು ನ್ಯಾಯಾಲಯದ ಮೊರೆಹೊಕ್ಕರು. ಹಂಚಿಕೆ ಅಸಿಂಧುವೆಂದ ಉಚ್ಚ ನ್ಯಾಯಾಲಯದ ತೀರ್ಪನ್ನು 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಸಾರ್ವಜನಿಕರಿಗೆಂದು ತೆರೆದಿರಿಸಿದ ಬಯಲನ್ನು ಕಾನೂನನ್ನು ಮೀರಿ ಖಾಸಗಿಯವರಿಗೊಪ್ಪಿಸುವ ಅಧಿಕಾರ ಎಂತಹ ಉನ್ನತ ಪದವಿಯಲ್ಲಿರುವವರಿಗೂ ಇಲ್ಲವೆಂಬುದೂ, ಅದನ್ನು ಪ್ರಶ್ನಿಸುವ ಹಕ್ಕು ಸುತ್ತಲಿನ ನಿವಾಸಿಗಳಿಗೆ ಉಂಟೆಂಬುದೂ ಅಂದು ಸ್ಥಿರಪಟ್ಟಿತು.

ಕಟ್ಟಡವಿಲ್ಲದ ಮಾತ್ರಕ್ಕೆ ನೆಲವು ನಿಷ್ಪ್ರಯೋಜಕವೆಂದು ಭಾವಿಸುವುದು ದೊಡ್ಡ ಪ್ರಮಾದ. ಅಂಚಿನ ಹೊಂಗೆಮರದ ನೆರಳಿನಲ್ಲಿ ತಳ್ಳುಗಾಡಿಯವರು ಮಧ್ಯಾಹ್ನದ ದಣಿವಾರಿಸಿಕೊಳ್ಳುವ, ಕಾಂಕ್ರೀಟು ಕಾಣದ ಮಣ್ಣು ಮುಂಗಾರಿನ ಮಳೆಯನ್ನು ಹೀರಿ ಅಂತರ್ಜಲಕ್ಕಿಳಿಸುವ ಅಂಥದೊಂದು ಮೂಲೆ ನಿವೇಶನಕ್ಕೆ ನಗರವು ಮಾಡಬೇಕಾದ ಮೊದಲ ಉಪಕಾರವೆಂದರೆ, ನನ್ನ ದೃಷ್ಟಿಯಲ್ಲಿ, ಅದರ ಎಲ್ಲೆಯನ್ನು ಅಳೆದು ಕಲ್ಲು ನೆಡುವುದು, ಮತ್ತು ಕೆಡವಿದ ಮನೆಗಳ ಇಟ್ಟಿಗೆ-ಗಾರೆಯನ್ನು ಇರುಳಿನಲ್ಲಿ ಲಾರಿಗಳು ತಂದು ಸುರಿಯದಂತೆ ಕಾಯುವುದು. ಕಾರಂಜಿ, ಹುಲ್ಲುಹಾಸು, ಬೀಗ ಜಡಿದ ಗೇಟು ಇವೆಲ್ಲ ಆಮೇಲಿನ ಮಾತು, ಇಲ್ಲದಿದ್ದರೂ ಬಾಧಕವಿಲ್ಲ. ವಾರ್ಡು ಸಮಿತಿಯ ಸಭೆಯಲ್ಲಿ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಅಲ್ಲಿ ಆಡುವ ಮಕ್ಕಳನ್ನೂ, ಸಂಜೆ ಬಂದು ಕೂರುವ ವೃದ್ಧರನ್ನೂ, ಆ ತಳ್ಳುಗಾಡಿಯವರನ್ನೂ ಕರೆದು ಕೇಳಿ, ಅವರ ಮಾತನ್ನು ನಡಾವಳಿಯಲ್ಲಿ ಬರೆದುಕೊಂಡ ತರುವಾಯವೇ ಗುತ್ತಿಗೆದಾರನ ಗುದ್ದಲಿ ಆ ನೆಲವನ್ನು ಮುಟ್ಟತಕ್ಕದ್ದು.