ಹತ್ತೇ ವರ್ಷದ ಹಿಂದಿನ ಹಂಬಲ

ಅಮೆರಿಕದ ಅಣ್ಣ-ತಂಗಿ ಜೋಡಿ ರಿಚರ್ಡ್ ಮತ್ತು ಕ್ಯಾರೆನ್ ಕಾರ್ಪೆಂಟರ್ 1973ರಲ್ಲಿ ಹೊರತಂದ ‘ಯೆಸ್ಟರ್‌ಡೇ ಒನ್ಸ್ ಮೋರ್’ ಗೀತೆಯು, ಎಳವೆಯಲ್ಲಿ ರೇಡಿಯೊ ಮುಂದೆ ಕುಳಿತು ಮೆಚ್ಚಿನ ಹಾಡಿಗಾಗಿ ಕಾದ ದಿನಗಳನ್ನು ನೆನೆಯುವ ರಚನೆಯಾಗಿದ್ದು, ಹಳೆಯ ಹಾಡುಗಳ ಬಗೆಗಿನ ಹಾಡು ಎಂಬುದೇ ಅದರ ವಿಶೇಷವಾಗಿದೆ. ರಿಚರ್ಡ್ ಮತ್ತು ಜಾನ್ ಬೆಟ್ಟಿಸ್ ಸೇರಿ ರಚಿಸಿದ ಈ ಗೀತೆಯನ್ನು ‘ನೌ ಅಂಡ್ ದೆನ್’ ಎಂಬ ಧ್ವನಿಮುದ್ರಿಕೆಯ ಎರಡನೆಯ ಮಗ್ಗುಲಿನ ಆರಂಭದಲ್ಲಿಯೂ ಕೊನೆಯಲ್ಲಿಯೂ ಇರಿಸಿ, ನಡುವೆ 1960ರ ದಶಕದ ಮೊದಲ ವರ್ಷಗಳ ಎಂಟು ಜನಪ್ರಿಯ ಗೀತೆಗಳನ್ನು ಮಾಲೆಯಂತೆ ಪೋಣಿಸಲಾಯಿತು. ತಂಡದ ಗಿಟಾರ್ ವಾದಕ ಟೋನಿ ಪೆಲುಸೊ ರೇಡಿಯೊ ನಿರೂಪಕನಂತೆ ಮಾತನಾಡುತ್ತ ಅವುಗಳನ್ನು ಬೆಸೆದರು.

ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಹಾಡು ಹಂಬಲಿಸುವ ಆ ಗತಕಾಲಕ್ಕೆ ಆಗ ಹೆಚ್ಚೆಂದರೆ ಹತ್ತು-ಹನ್ನೆರಡು ವರ್ಷವಾಗಿತ್ತು, ಹಾಡಿದ ಕ್ಯಾರೆನ್‌ಗಾದರೋ ಇಪ್ಪತ್ಮೂರು ವರ್ಷ. ಆದರೂ ಆ ಹಂಬಲ ಹುಸಿ ಎನಿಸದಿರಲು ಮುಖ್ಯ ಕಾರಣ ಆಕೆಯ ಕಾಂಟ್ರಾಲ್ಟೊ, ಅಂದರೆ ಸ್ತ್ರೀಕಂಠದ ಅತ್ಯಂತ ತಗ್ಗಿನ ಶ್ರೇಣಿಯ ದನಿ. ಅದು ಪಲ್ಲವಿಗೆ ಮುನ್ನ ಒಂಟಿಯಾಗಿ ನಡೆದು, ಪಲ್ಲವಿಯಲ್ಲಿ ಅಣ್ಣ-ತಂಗಿಯರ ದನಿಗಳನ್ನೇ ಪದರಪದರವಾಗಿ ಮುದ್ರಿಸಿ ಕಟ್ಟಿದ ಮೇಳದೊಳಗೆ ಸೇರಿಕೊಳ್ಳುತ್ತದೆ. ಹಳೆಯ ಹಾಡುಗಳ ಅರ್ಥವಿಲ್ಲದ ಆಲಾಪಗಳಿಗೇ ಪಲ್ಲವಿಯಲ್ಲಿ ಸ್ಥಾನ ಕೊಟ್ಟದ್ದು ಜಾಣತನವೇ ಸರಿ, ಏಕೆಂದರೆ ಸಾಹಿತ್ಯ ಮರೆತವರಿಗೂ ಅವು ಮರೆಯುವುದಿಲ್ಲ.

ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿಯೂ ಬ್ರಿಟನ್ನಿನಲ್ಲಿಯೂ ಎರಡನೆಯ ಸ್ಥಾನಕ್ಕೇರಿದ ಈ ಗೀತೆಗೆ ಜಪಾನಿನಲ್ಲಿ ಅಪಾರ ಜನಪ್ರಿಯತೆ ದೊರೆಯಿತು. ಕ್ಯಾರೆನ್ 1983ರ ಫೆಬ್ರುವರಿ 4ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ ನಿಧನರಾದರು.